ಮದುವೆ ಕಾಗದದ ಬೊಂಬೆ ನಡೆದದ್ದು

ಆ್ಯನಿಮೇಶನ್ ಕಲಿಯೋಕೆ ದೊಡ್ಡ ಕಂಪ್ಯೂಟರ್ ಬೇಕು ಅಂತ ಸುಮ್ನೆ ಕೂತಿದ್ದೀರಾ? ನಾನೂ ಹಾಗೇ ಕೂತಿದ್ದೆ, ಲೊಟ್ಟೆ ರೈನಿಗರ್ ಕೆಲಸ ನೋಡುವವರೆಗೆ. (ನಮ್ಮ ಕಾಸರಗೋಡಲ್ಲಿ ಲೊಟ್ಟೆ ಅಂದ್ರೆ ಸುಳ್ಳು. ಹೆಸರು ಕೇಳಿ ಮನೆಯವರೆಲ್ಲ ನಕ್ಕರು.)

ಜರ್ಮನಿಯ ಈ ಹೆಂಗಸು ಕತ್ತರಿಯಲ್ಲಿ ಕಪ್ಪು ರಟ್ಟು ಕತ್ತರಿಸಿ, ಕೈಕಾಲಿನ ಗಂಟುಗಳಿಗೆ ತಂತಿ ಕಟ್ಟಿ, ಕೆಳಗಿಂದ ಬೆಳಕು ಬಿಟ್ಟ ಗಾಜಿನ ಮೇಲೆ ಬೊಂಬೆ ಮಲಗಿಸಿ, ಚೂರು ಚೂರೇ ಸರಿಸುತ್ತಾ ಮೇಲಿನಿಂದ ಒಂದೊಂದೇ ಫ್ರೇಮ್ (ಅಂದ್ರೆ ಒಂದೊಂದೇ ಫೋಟೋ) ತೆಗೆಯುತ್ತಿದ್ದರು. ಹಾಗೆ ಮೂರು ವರ್ಷ ಕೂತು ಮಾಡಿದ ಪೂರ್ಣ ಪ್ರಮಾಣದ ಚಿತ್ರ 1926ರಲ್ಲಿ ತೆರೆಗೆ ಬಂತು. ಕಂಪ್ಯೂಟರ್ ಎಲ್ಲಿತ್ತು ಆಗ?

ನನಗೆ ಥಟ್ಟನೆ ನೆನಪಾದದ್ದು ನಮ್ಮೂರಿನ ಯಕ್ಷಗಾನ ಬೊಂಬೆಯಾಟ. ಅಲ್ಲಿ ದಾರ, ಇಲ್ಲಿ ತಂತಿ. ಆದರೆ ಗಂಟು ಸರಿಯಿಲ್ಲದಿದ್ದರೆ ಎರಡೂ ಕುಣಿಯುವುದಿಲ್ಲ, ಅಲ್ವಾ?

ಹಳೇ ಮದುವೆ ಕಾಗದಕ್ಕೆ ಕಪ್ಪು ಬಣ್ಣ ಬಳಿದು ಒಂದು ವೇಷ ಕತ್ತರಿಸಿದೆ. ಕೆಟ್ಟ ಇಯರ್‌ಫೋನಿನ ತಂತಿಯೇ ಗಂಟು. ಎರಡು ಸ್ಟೂಲಿನ ನಡುವೆ ಗಾಜು, ಕೆಳಗೆ ಬಲ್ಬು, ಮೇಲೆ ಮೊಬೈಲ್. ಸೆಕೆಂಡಿಗೆ 12 ಫೋಟೋ ಅಂದ್ರೆ 8 ಸೆಕೆಂಡಿಗೆ 96. ಅರವತ್ತರ ಹತ್ತಿರ ಬಂದಾಗ ಅತ್ತೆ "ಎಂಥ ಸೆಕೆ ಮಾರಾಯ್ತಿ" ಅಂತ ಫ್ಯಾನ್ ಹಾಕಿದರು. ಬೊಂಬೆ ಹಾರಿ ಮಂಚದ ಕೆಳಗೆ!

ಮತ್ತೆ ಇಟ್ಟೆ, ಎಡಗಾಲು ಮೊದಲಿನ ಜಾಗಕ್ಕೆ ಬರಲೇ ಇಲ್ಲ. ಈಗ ವಿಡಿಯೋದಲ್ಲಿ ನಮ್ಮ ವೇಷ ಐದನೇ ಸೆಕೆಂಡಿನವರೆಗೆ ಗತ್ತಿನಲ್ಲಿ ನಡೆದು, ಆಮೇಲೆ ಕುಂಟುತ್ತದೆ. ಅತ್ತೆಗೆ ಅದೇ ಜಾಸ್ತಿ ಇಷ್ಟ.