‘ಅರಮನೆ ಕೆಟ್ಟದ್ದು, ಕಾಡು ಒಳ್ಳೇದು, ಅಷ್ಟೇ ಅಲ್ವಾ?’

ಡಿಗ್ರಿ ಹುಡುಗರಿಗೆ ಶೇಕ್ಸ್‌ಪಿಯರ್‌ನ ‘ಆ್ಯಸ್ ಯು ಲೈಕ್ ಇಟ್’ ಪಾಠ ಮಾಡುತ್ತೇನೆ ಅಂತ ಗೊತ್ತಾದರೆ ಸಾಕು, ಜನ ಇದನ್ನೇ ಕೇಳುತ್ತಾರೆ: ‘ಅರಮನೆ ಕೆಟ್ಟದ್ದು, ಕಾಡು ಒಳ್ಳೇದು, ಅಷ್ಟೇ ಅಲ್ವಾ ಆ ನಾಟಕ?’ ಅಲ್ಲ. ಆ ‘ಅಷ್ಟೇ ಅಲ್ವಾ’ ಕೇಳಿದರೇ ನನಗೆ ಸಿಟ್ಟು ಬರುತ್ತದೆ. ಉತ್ತರ ಜೇಬಿನಲ್ಲಿಟ್ಟುಕೊಂಡು ಬಂದವರು ಪ್ರಶ್ನೆ ಯಾಕೆ ಕೇಳಬೇಕು?

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಸುಮಾರು 1599ರಲ್ಲಿ ಬರೆದ ನಾಟಕ. ಡ್ಯೂಕ್ ಒಬ್ಬನ ಪಟ್ಟವನ್ನು ಅವನ ತಮ್ಮನೇ ಕಿತ್ತುಕೊಂಡಿದ್ದಾನೆ. ಅಣ್ಣ ಆರ್ಡೆನ್ ಕಾಡು ಸೇರಿದ್ದಾನೆ. ಅವನ ಮಗಳು ರೊಸಾಲಿಂಡ್ ಗಂಡು ವೇಷ ಹಾಕಿಕೊಂಡು, ಚಿಕ್ಕಪ್ಪನ ಮಗಳು ಸೀಲಿಯಾ ಜೊತೆ ಅಲ್ಲಿಗೇ ಬರುತ್ತಾಳೆ. ಅರಮನೆಯ ವಿದೂಷಕ ಟಚ್‌ಸ್ಟೋನ್ ಕೂಡ ಇವರ ಜೊತೆಗಿದ್ದಾನೆ.

ಹೋದ ವರ್ಷ ಒಂದು ಮದುವೆ ಊಟದಲ್ಲಿ ಪಕ್ಕ ಕೂತಿದ್ದ ಹಿರಿಯರು ಎಲೆಗೆ ಅನ್ನ ಬೀಳುವ ಮೊದಲೇ ಇದನ್ನು ಕೇಳಿದರು. ಕಾಡಿನಲ್ಲಿ ಡ್ಯೂಕ್ ಆಡುವ ಮಾತು ಅವರಿಗೆ ಬಾಯಿಪಾಠ. ಮರಕ್ಕೆ ನಾಲಿಗೆ ಇದೆ, ತೊರೆಯಲ್ಲಿ ಪುಸ್ತಕ ಇದೆ, ಕಲ್ಲಲ್ಲೂ ಉಪದೇಶ ಇದೆ. ‘ಅದಾದ ಮೇಲೆ ಡ್ಯೂಕ್ ಏನು ಮಾಡ್ತಾನೆ ಸಾರ್, ನೆನಪಿದೆಯಾ?’ ಅಂದೆ. ಇರಲಿಲ್ಲ. ಬನ್ನಿ, ಜಿಂಕೆ ಬೇಟೆಗೆ ಹೋಗೋಣ ಅನ್ನುತ್ತಾನೆ! ಇದು ಅವುಗಳದ್ದೇ ಊರು, ಅವುಗಳ ಜಾಗದಲ್ಲೇ ಬಾಣ ಬಿಡಬೇಕಲ್ಲ ಅಂತ ಅವನಿಗೇ ಕಸಿವಿಸಿ. ಅವನ ಜೊತೆಗಾರ ಜೇಕ್ವಿಸ್ ಗಾಯಗೊಂಡ ಜಿಂಕೆ ನೋಡಿ ಅತ್ತನಂತೆ. ಪಟ್ಟ ಕಿತ್ತುಕೊಂಡ ತಮ್ಮನಿಗಿಂತ ಈ ಡ್ಯೂಕೇ ಜಾಸ್ತಿ ಕಬಳಿಸಿದ್ದಾನೆ ಅಂತ ಆಣೆ ಇಟ್ಟನಂತೆ.

ಆಮೇಲೆ ಕೈಗಳ ವಿಷಯ. ನನಗೆ ಬಹಳ ಇಷ್ಟವಾದ ಜಾಗ ಇದು. ಕಾರಿನ್ ಅಂತ ಒಬ್ಬ ವಯಸ್ಸಾದ ಕುರಿಗಾಹಿ. ಅರಮನೆ ನೋಡದವನು ನರಕಕ್ಕೇ ಹೋಗೋದು ಅಂತ ಟಚ್‌ಸ್ಟೋನ್ ಅವನನ್ನು ಕಾಡಿಸುತ್ತಾನೆ. ಕಾರಿನ್ ಸೋಲುವವನಲ್ಲ. ಅಲ್ಲಿ ನೀವು ಕೈಗೆ ಮುತ್ತಿಡ್ತೀರಿ, ಇಲ್ಲಿ ನಮ್ಮ ಕೈ ಕುರಿ ಮುಟ್ಟಿ ಜಿಡ್ಡಾಗಿರುತ್ತೆ, ಅದರ ಗಾಯಕ್ಕೆ ಹಚ್ಚಿದ ಕಪ್ಪು ಟಾರು ಬೇರೆ ಮೆತ್ತಿರುತ್ತೆ, ಅದಕ್ಕೆ ಮುತ್ತಿಡೋದಾ? ನಿಮ್ಮ ಕೈಯಾದರೆ ಪುನುಗು ಪೂಸಿ ಘಮ್ ಅನ್ನುತ್ತೆ. ಆಗ ಟಚ್‌ಸ್ಟೋನ್ ಏನು ಹೇಳಬೇಕು! ಪುನುಗು ಟಾರಿಗಿಂತ ಕೀಳು, ಅದು ಬೆಕ್ಕಿನ ಗಲೀಜು! ಅರಮನೆಯವನೇ ಅರಮನೆಯ ಪರಿಮಳದ ಗುಟ್ಟು ಬಿಟ್ಟುಕೊಟ್ಟ. ಹುಡುಗರು ಇಲ್ಲಿ ಜೋರಾಗಿ ನಗುತ್ತಾರೆ, ನಾನೂ ನಗುತ್ತೇನೆ.

ಯಾರಾದರೂ ಒಬ್ಬರು ನನ್ನನ್ನು ಬೇರೆ ಪ್ರಶ್ನೆ ಕೇಳಲಿ ಅಂತ ಆಸೆ: ಆ ಕುರಿಗಳು ಯಾರದ್ದು?

ಕಾಡಿಗೆ ಬಂದ ರೊಸಾಲಿಂಡ್, ಸೀಲಿಯಾ ಹಸಿದು ಸುಸ್ತಾಗಿದ್ದಾರೆ. ಊಟ ಕೇಳಿದರೆ ಕಾರಿನ್ ಹೇಳುತ್ತಾನೆ: ನಾನು ಬೇರೆಯವರ ಆಳು, ನಾನು ಮೇಯಿಸೋ ಕುರಿಯ ಉಣ್ಣೆ ನನ್ನದಲ್ಲ. ಯಜಮಾನ ಕೈ ಬಿಚ್ಚುವವನಲ್ಲ. ಗುಡಿಸಲು, ಮಂದೆ, ಹುಲ್ಲುಗಾವಲು ಎಲ್ಲ ಮಾರಾಟಕ್ಕಿದೆ. ಅವನು ಊರಲ್ಲಿಲ್ಲ, ಹಾಗಾಗಿ ನಿಮಗೆ ತಿನ್ನೋಕೂ ಏನೂ ಇಲ್ಲ. ಇದನ್ನು ಸುಮ್ನೆ ಬರೆದದ್ದಲ್ಲ. 1590ರ ದಶಕದ ನಡುವೆ ಇಂಗ್ಲೆಂಡಿನಲ್ಲಿ ವರ್ಷದ ಮೇಲೆ ವರ್ಷ ಬೆಳೆ ಕೈಕೊಟ್ಟಿತ್ತು. ಜನ ಉಳುತ್ತಿದ್ದ ಹೊಲಕ್ಕೆ, ಊರಿನ ಹುಲ್ಲುಗಾವಲಿಗೆ ಬೇಲಿ ಹಾಕಿ ದಣಿಗಳು ಕುರಿ ಬಿಡುತ್ತಿದ್ದುದು ಹಳೇ ಸಂಗತಿ. ಕುರಿಗಳೇ ಮನುಷ್ಯರನ್ನು ತಿನ್ನುತ್ತಿವೆ ಅಂತ ಇಂಗ್ಲಿಷ್ ಲೇಖಕ ಥಾಮಸ್ ಮೋರ್ 1516ರಲ್ಲೇ ಬರೆದಿದ್ದ.

ಹುಡುಗಿಯರ ಹತ್ತಿರ ಮನೆಯಿಂದ ತಂದ ಚಿನ್ನ ಇದೆ. ಎಲ್ಲ ಕೊಂಡುಕೊಳ್ಳುತ್ತಾರೆ. ನಿನ್ನ ಸಂಬಳ ಜಾಸ್ತಿ ಮಾಡ್ತೀವಿ ಅಂತ ಸೀಲಿಯಾ ಮಾತು ಕೊಡುತ್ತಾಳೆ. ಜನ ಹೊಗಳುವ ಆ ಕಾಡಿನ ನೆಮ್ಮದಿ ಅರಮನೆಯ ದುಡ್ಡಿನಲ್ಲಿ ಬಂದದ್ದು.

ಕೊನೆಯಲ್ಲಿ ತಮ್ಮ ಡ್ಯೂಕ್‌ನ ಮನಸ್ಸು ಬದಲಾಗುತ್ತದೆ, ಅಣ್ಣನಿಗೆ ಪಟ್ಟ ವಾಪಸ್ ಸಿಗುತ್ತದೆ. ಸೀಲಿಯಾಳನ್ನು ಮದುವೆಯಾಗುವ ಆಲಿವರ್, ಇಲ್ಲೇ ಕುರಿ ಕಾಯ್ಕೊಂಡು ಸಾಯ್ತೀನಿ ಅಂದಿದ್ದ. ಅವನ ಜಮೀನೂ ಅವನಿಗೆ ಬರುತ್ತದೆ. ಹಾಗಾದರೆ ಗುಡಿಸಲು ಏನಾಯ್ತು? ಮಂದೆ? ಆ ಸಂಬಳ?

ಕಾರಿನ್ ಕೊನೆಯ ಸಲ ಕಾಣುವುದು ಐದನೇ ಅಂಕದ ಮೊದಲ ದೃಶ್ಯದಲ್ಲಿ. ಟಚ್‌ಸ್ಟೋನ್‌ನನ್ನು ಕರೆಯಲು ಬಂದಿರುತ್ತಾನೆ. ‘ಯಜಮಾನರು, ಯಜಮಾನಿ ನಿಮ್ಮನ್ನ ಹುಡುಕ್ತಿದ್ದಾರೆ, ಬನ್ನಿ ಬನ್ನಿ.’ ಆಮೇಲೆ ಕಾಡಿನಲ್ಲಿ ಒಂದೇ ಸಲ ನಾಲ್ಕು ಮದುವೆ ನಡೆಯುತ್ತದೆ. ಅಲ್ಲಿ ಅವನಿಲ್ಲ.