ರೋಮ್‌ಗೆ ಇಬ್ಬರೇ ಹೋಗುವುದಾದರೆ: ಟಿಕೆಟ್, ನಡಿಗೆ, ಊಟ

ರೋಮ್‌ಗೆ ಐದು ರಾತ್ರಿಯಾದರೂ ಇಟ್ಟುಕೊಳ್ಳಿ. ಎರಡೇ ದಿನದಲ್ಲಿ ಕೊಲೊಸಿಯಮ್, ವ್ಯಾಟಿಕನ್ ಮುಗಿಸಿ ವೆನಿಸ್‌ಗೆ ಓಡುವ ಪ್ಯಾಕೇಜ್‌ಗಳಲ್ಲಿ ಕಾಲು ನೋಯುತ್ತದೆಯೇ ಹೊರತು ಊರು ಸಿಗುವುದಿಲ್ಲ. ಗಂಡ ಹೆಂಡತಿ ಇಬ್ಬರೇ ಇರುವಾಗ ಗುಂಪಿನ ಗಡಿಯಾರಕ್ಕೆ ಕಟ್ಟುಬೀಳಬೇಕಿಲ್ಲ. ದಿನಕ್ಕೆ ಟಿಕೆಟ್ ಬೇಕಾಗುವ ಜಾಗ ಒಂದೇ, ಅದೂ ಬೆಳಗ್ಗೆ. ಮಧ್ಯಾಹ್ನ ರೂಮಿನಲ್ಲಿ ಎರಡು ಗಂಟೆ ವಿಶ್ರಾಂತಿ. ಸಂಜೆ ನಡಿಗೆ, ಎಂಟು ಗಂಟೆಗೆ ಊಟ. ರೋಮ್‌ನ ಅಡುಗೆಮನೆಗಳೂ ಚರ್ಚುಗಳೂ ಇದೇ ಲಯದಲ್ಲಿ ತೆರೆದು ಮುಚ್ಚುತ್ತವೆ. ಅದಕ್ಕೆ ಹೊಂದಿಕೊಂಡವರಿಗೆ ಊರು ಸಲೀಸು.

ಏಪ್ರಿಲ್-ಮೇ ಅಥವಾ ಅಕ್ಟೋಬರ್ ಒಳ್ಳೆಯ ಕಾಲ. ಈಸ್ಟರ್ ವಾರದಲ್ಲಿ ಮಾತ್ರ ಜನಸಂದಣಿಯೂ ಹೋಟೆಲ್ ದರವೂ ವಿಪರೀತ. ಆಗಸ್ಟ್ ಬೇಡ. ಬಿಸಿಲು 35 ಡಿಗ್ರಿ ದಾಟುತ್ತದೆ, ಆಗಸ್ಟ್ 15ರ ಹಬ್ಬದ ಆಸುಪಾಸಿನಲ್ಲಿ ಎಷ್ಟೋ ಒಳ್ಳೆಯ ಊಟದ ಮನೆಗಳು ಬೀಗ ಹಾಕಿಕೊಂಡು ಸಮುದ್ರ ತೀರಕ್ಕೆ ಹೋಗಿರುತ್ತವೆ.

ವೀಸಾ ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ವೀಸಾ ಅರ್ಜಿ ಸ್ವೀಕರಿಸುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲೇ ಅರ್ಜಿ ಕೊಡಬಹುದು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ತೆಗೆದುಕೊಳ್ಳುತ್ತಾರೆ, 15 ದಿನಕ್ಕಿಂತ ತಡವಾಗಬಾರದು. ಬೇಸಿಗೆ ರಜೆಗೆ ಹೋಗುವವರು ಅಪಾಯಿಂಟ್‌ಮೆಂಟ್ ಸಿಗದೆ ಒದ್ದಾಡುವುದೇ ಹೆಚ್ಚು, ಆದ್ದರಿಂದ ಎರಡು ಮೂರು ತಿಂಗಳು ಮೊದಲೇ ದಿನ ಹಿಡಿದಿಡಿ. ಶುಲ್ಕ ತಲಾ 90 ಯೂರೊ, ಮೇಲೆ ಕೇಂದ್ರದ ಸೇವಾ ಶುಲ್ಕ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚಕ್ಕೆ ಇರಬೇಕು. ಪಾಸ್‌ಪೋರ್ಟ್, ವಾಪಸಾಗುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು.

ಉಳಿಯಲು ಟೆರ್ಮಿನಿ ರೈಲು ನಿಲ್ದಾಣದ ಸುತ್ತ ಅಗ್ಗ. ಆದರೆ ರಾತ್ರಿ ಊಟ ಮುಗಿಸಿ ಇಬ್ಬರೇ ನಿಧಾನವಾಗಿ ನಡೆದು ಬರುವ ಸುಖ ಅಲ್ಲಿಲ್ಲ. ಮೊಂತಿ ಬಡಾವಣೆ ಕೊಲೊಸಿಯಮ್‌ಗೆ ಹತ್ತಿರ, ಪ್ರಾತಿ ವ್ಯಾಟಿಕನ್‌ಗೆ ಹತ್ತಿರ, ಎರಡಕ್ಕೂ ಮೆಟ್ರೊ ಇದೆ. ತ್ರಾಸ್ತೆವೆರೆ ಚೆಂದ, ಆದರೆ ರಾತ್ರಿ ಗದ್ದಲ ಜಾಸ್ತಿ, ಮೆಟ್ರೊ ಇಲ್ಲ. ಬುಕ್ ಮಾಡುವಾಗ ಲಿಫ್ಟ್ ಇದೆಯೇ ಎಂದು ಕೇಳಿ. ಹಳೆಯ ಕಟ್ಟಡಗಳಲ್ಲಿ ಇಬ್ಬರು ಮನುಷ್ಯರು, ಎರಡು ಸೂಟ್‌ಕೇಸ್ ಒಟ್ಟಿಗೆ ಹಿಡಿಯುವ ಲಿಫ್ಟ್ ಅಪರೂಪ. ರೂಮಿನ ಬಾಡಿಗೆಯಲ್ಲದೆ ನಗರದ ಪ್ರವಾಸಿ ತೆರಿಗೆಯನ್ನು ಸಾಮಾನ್ಯವಾಗಿ ಹೋಟೆಲ್‌ನಲ್ಲೇ ಕೊಡಬೇಕು. ಮೂರು ನಕ್ಷತ್ರದ ಹೋಟೆಲ್ ಆದರೆ ಒಬ್ಬರಿಗೆ ಒಂದು ರಾತ್ರಿಗೆ 6 ಯೂರೊ, ಅಂದರೆ ಇಬ್ಬರಿಗೆ ಐದು ರಾತ್ರಿಗೆ 60.

ಫ್ಯೂಮಿಚೀನೊ ವಿಮಾನ ನಿಲ್ದಾಣದಿಂದ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು 32 ನಿಮಿಷಕ್ಕೆ ಟೆರ್ಮಿನಿ ತಲುಪಿಸುತ್ತದೆ, ತಲಾ 14 ಯೂರೊ. ಪಕ್ಕದಲ್ಲೇ ಹೊರಡುವ ಎಫ್‌ಎಲ್1 ಸಾಮಾನ್ಯ ರೈಲಿಗೆ 8 ಯೂರೊ. ಅದು ಟೆರ್ಮಿನಿಗೆ ಹೋಗುವುದಿಲ್ಲ, ತ್ರಾಸ್ತೆವೆರೆ, ಓಸ್ತಿಯೆನ್ಸೆ ಕಡೆಗೆ ಹೋಗುತ್ತದೆ. ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದರೂ ದಂಡ. ಬಿಳಿ ಬಣ್ಣದ ಅಧಿಕೃತ ಟ್ಯಾಕ್ಸಿಗೆ ಹಳೆಯ ಕೋಟೆಗೋಡೆಯ ಒಳಗಿನ ಯಾವ ವಿಳಾಸಕ್ಕಾದರೂ 55 ಯೂರೊ ನಿಗದಿ. ಅದು ತಲಾ ಅಲ್ಲ, ಇಡೀ ಗಾಡಿಗೆ, ಲಗೇಜೂ ಸೇರಿ. ದೊಡ್ಡ ಪೆಟ್ಟಿಗೆಗಳಿದ್ದು ರೂಮು ನವೋನಾ ಚೌಕದ ಕಡೆ ಇದ್ದರೆ ಟ್ಯಾಕ್ಸಿಯೇ ವಾಸಿ: ಇಬ್ಬರ ರೈಲಿಗೆ 28 ಕೊಟ್ಟು, ಟೆರ್ಮಿನಿಯಿಂದ ಮತ್ತೆ ಟ್ಯಾಕ್ಸಿ ಹಿಡಿದರೆ ಉಳಿತಾಯ ಅಷ್ಟೇನಿಲ್ಲ. ಒಳಗಡೆ ಬಂದು "ಟ್ಯಾಕ್ಸಿ ಬೇಕಾ" ಎಂದು ಕೇಳುವವರ ಹಿಂದೆ ಹೋಗಬೇಡಿ, ಹೊರಗಿನ ಸಾಲಿನಲ್ಲೇ ನಿಲ್ಲಿ.

ಊರೊಳಗೆ ಮೆಟ್ರೊ, ಬಸ್, ಟ್ರಾಮ್‌ಗೆ ಒಂದೇ ಟಿಕೆಟ್: 1.50 ಯೂರೊ, 100 ನಿಮಿಷ, ಆದರೆ ಮೆಟ್ರೊ ಪ್ರಯಾಣ ಒಂದೇ. ಟಿಕೆಟ್ ಕೊಳ್ಳದೆ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ಮುಟ್ಟಿಸಬಹುದು. ಒಂದು ಕಾರ್ಡಿಗೆ ಒಬ್ಬರೇ ಎಂಬುದು ನೆನಪಿರಲಿ. ಒಂದೇ ಕಾರ್ಡನ್ನು ಇಬ್ಬರಿಗೂ ಮುಟ್ಟಿಸಿದರೆ ತಪಾಸಣೆಯವರ ಮುಂದೆ ಒಬ್ಬರು ಟಿಕೆಟ್ ಇಲ್ಲದವರಾಗುತ್ತೀರಿ. ಅದೇ ರೀತಿ ಬೆಳಗ್ಗೆ ಪ್ಲಾಸ್ಟಿಕ್ ಕಾರ್ಡ್, ಸಂಜೆ ಅದೇ ಕಾರ್ಡಿನ ಫೋನ್ ರೂಪ ಬಳಸಿದರೆ ಯಂತ್ರಕ್ಕೆ ಅವೆರಡೂ ಬೇರೆ ಬೇರೆ. ಟೆರ್ಮಿನಿಯಿಂದ ಕೊಲೊಸಿಯಮ್‌ಗೆ ಬಿ ಲೈನಿನಲ್ಲಿ ಎರಡನೇ ನಿಲ್ದಾಣ, ವ್ಯಾಟಿಕನ್‌ಗೆ ಎ ಲೈನಿನ ಒತ್ತಾವಿಯಾನೊ, ಆರನೆಯದು. ಇವೆರಡರ ನಡುವಿನ ಹಳೆಯ ಊರನ್ನು ನಡೆದೇ ನೋಡಬೇಕು. ದಾರಿಯೆಲ್ಲ ಸಣ್ಣ ಕಪ್ಪು ಕಲ್ಲಿನ ಹಾಸು, ದಪ್ಪ ಅಟ್ಟೆಯ ಶೂ ಇಲ್ಲದಿದ್ದರೆ ಎರಡನೇ ದಿನಕ್ಕೇ ಪಾದ ಸೋಲುತ್ತದೆ.

ಮೊದಲೇ ಬುಕ್ ಮಾಡಲೇಬೇಕಾದವು ಮೂರು: ಕೊಲೊಸಿಯಮ್, ವ್ಯಾಟಿಕನ್ ಮ್ಯೂಸಿಯಂ, ಬೊರ್ಗೀಸ್ ಗ್ಯಾಲರಿ.

ಕೊಲೊಸಿಯಮ್ ಟಿಕೆಟ್ 30 ದಿನ ಮೊದಲು ತೆರೆಯುತ್ತದೆ. ಅಧಿಕೃತ ತಾಣದಲ್ಲಿ ಸಾಮಾನ್ಯ ಟಿಕೆಟ್ 18 ಯೂರೊ. ಅದರಲ್ಲೇ ಪ್ರಾಚೀನ ರೋಮ್‌ನ ಅವಶೇಷಗಳಿರುವ ಫೋರಮ್ ಮತ್ತು ಪಕ್ಕದ ಪಾಲಟೈನ್ ಗುಡ್ಡವೂ ಸೇರಿದೆ. ಟಿಕೆಟ್ ಹೆಸರಿನ ಮೇಲೆ ಕೊಡುತ್ತಾರೆ, ಬಾಗಿಲಲ್ಲಿ ಗುರುತಿನ ಚೀಟಿ ನೋಡುತ್ತಾರೆ. ಆದ್ದರಿಂದ ಪಾಸ್‌ಪೋರ್ಟ್‌ನಲ್ಲಿ ಇನಿಶಿಯಲ್ ಬಿಡಿಸಿ ತಂದೆಯ ಅಥವಾ ಊರಿನ ಹೆಸರು ಬರೆದಿರುವ ನಮ್ಮವರು ಟಿಕೆಟ್‌ನಲ್ಲೂ ಹಾಗೆಯೇ ತುಂಬಬೇಕು. ನೆಲಮಾಳಿಗೆಯ ಟಿಕೆಟ್ ಬಹಳ ಬೇಗ ಖಾಲಿಯಾಗುತ್ತದೆ. ಸಿಕ್ಕರೆ ಬಿಡಬೇಡಿ, ಕಾಳಗದ ಅಖಾಡಕ್ಕೆ ಪ್ರಾಣಿಗಳನ್ನು ಮೇಲೆತ್ತುತ್ತಿದ್ದ ಹಾದಿಗಳ ನಡುವೆ ನಿಂತಾಗಲೇ ಆ ಕಟ್ಟಡ ಹೇಗೆ ಕೆಲಸ ಮಾಡುತ್ತಿತ್ತು ಎಂಬುದು ಅರ್ಥವಾಗುವುದು. ಗಾಜಿನ ಬಾಟಲಿ, ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಬೆಳಗಿನ ಮೊದಲ ಹೊತ್ತಿನಲ್ಲಿ ಕೊಲೊಸಿಯಮ್ ನೋಡಿ, ಅಲ್ಲಿಂದ ಸಾನ್ ಗ್ರೆಗೊರಿಯೊ ರಸ್ತೆಯ ಬಾಗಿಲಿನಿಂದ ಪಾಲಟೈನ್ ಹತ್ತಿ, ಮೇಲಿನಿಂದ ಫೋರಮ್ಮಿಗೆ ಇಳಿಯಿರಿ. ಎಲ್ಲರೂ ಫೋರಮ್ಮಿನ ಬಾಗಿಲಲ್ಲಿ ನೂಕಾಡುವಾಗ ಈ ಬಾಗಿಲಲ್ಲಿ ಸಾಲು ಚಿಕ್ಕದು. ಮೇಲಿನಿಂದ ಇಡೀ ಫೋರಮ್ ಒಂದೇ ನೋಟಕ್ಕೆ ಸಿಗುತ್ತದೆ. ತಿಂಗಳ ಮೊದಲ ಭಾನುವಾರ ಉಚಿತ ಎಂದು ಆಸೆಪಟ್ಟು ಹೋಗಬೇಡಿ, ಆ ದಿನ ಸಾಲಿನಲ್ಲೇ ಅರ್ಧ ದಿನ ಹೋಗಬಹುದು.

ವ್ಯಾಟಿಕನ್ ಮ್ಯೂಸಿಯಂ 20 ಯೂರೊ, ಆನ್‌ಲೈನ್ ಬುಕಿಂಗ್‌ಗೆ ಇನ್ನೂ 5. ಭಾನುವಾರ ರಜೆ. ತಿಂಗಳ ಕೊನೆಯ ಭಾನುವಾರ ಮಾತ್ರ ತೆರೆದಿರುತ್ತದೆ, ಅದೂ ಉಚಿತ, ಮತ್ತೆ ಅದೇ ನೂಕುನುಗ್ಗಲು. ಬುಧವಾರ ಬೆಳಗ್ಗೆ ಪೋಪ್ ದರ್ಶನ ಕೊಡುವ ದಿನಗಳಲ್ಲಿ ಸೇಂಟ್ ಪೀಟರ್ ಚರ್ಚಿಗೆ ಪ್ರವೇಶ ಸಿಗುವುದು ಕಷ್ಟ, ಹಾಗಾಗಿ ಎರಡನ್ನೂ ಒಂದೇ ದಿನ ನೋಡುವವರಿಗೆ ಮಂಗಳವಾರ ಅಥವಾ ಗುರುವಾರ ಅನುಕೂಲ. ಭುಜ, ಮಂಡಿ ಮುಚ್ಚಿರಬೇಕು, ಗಂಡಸರಿಗೂ ಅದೇ ನಿಯಮ. ಚೂಡಿದಾರ್, ಸೀರೆ ಉಟ್ಟವರಿಗೆ ತೊಂದರೆಯೇ ಇಲ್ಲ, ಚಡ್ಡಿ ಹಾಕಿದ ಗಂಡಂದಿರನ್ನೇ ಬಾಗಿಲಲ್ಲಿ ತಡೆಯುವುದು. ಸಿಸ್ಟೀನ್ ಚಾಪೆಲ್‌ನಲ್ಲಿ ಫೋಟೊ ಇಲ್ಲ, ಮಾತಿಲ್ಲ. ಮೈಕೆಲ್ಯಾಂಜೆಲೊ ಮೇಲ್ಛಾವಣಿಯನ್ನು 1508ರಿಂದ 1512ರವರೆಗೆ ಬರೆದ. ಎದುರು ಗೋಡೆಯ ಕೊನೆಯ ತೀರ್ಪಿನ ಚಿತ್ರ ಬರೆಯುವಾಗ ಅರವತ್ತು ದಾಟಿದ್ದ. ಇವೆರಡರ ನಡುವಿನ ವ್ಯತ್ಯಾಸ ನೋಡಲು ಗೋಡೆ ಬದಿಯ ಬೆಂಚಿನಲ್ಲಿ ಜಾಗ ಖಾಲಿಯಾಗುವವರೆಗೆ ಕಾದು, ಕೂತು, ಕತ್ತೆತ್ತಿ ನೋಡಿ. ನಿಂತು ನೋಡಿದರೆ ಐದು ನಿಮಿಷದಲ್ಲಿ ಕುತ್ತಿಗೆ ಹಿಡಿಯುತ್ತದೆ. ಸೇಂಟ್ ಪೀಟರ್ ಚರ್ಚಿಗೆ ಹಣವಿಲ್ಲ. ಗುಮ್ಮಟ ಹತ್ತುವುದಾದರೆ 551 ಮೆಟ್ಟಿಲು, ಲಿಫ್ಟ್ ಹಿಡಿದರೂ 320 ಉಳಿಯುತ್ತವೆ. ಕೊನೆಯ ಭಾಗ ಗುಮ್ಮಟದ ಬಾಗಿಗೆ ತಕ್ಕಂತೆ ಓರೆಯಾಗಿ ಇಕ್ಕಟ್ಟಾಗಿದೆ, ಮಂಡಿ ನೋವಿರುವವರು, ಇಕ್ಕಟ್ಟಿನ ಭಯ ಇರುವವರು ಹತ್ತಬಾರದು, ನಡುವೆ ವಾಪಸ್ ಬರಲು ದಾರಿ ಇಲ್ಲ.

ಬೊರ್ಗೀಸ್ ಗ್ಯಾಲರಿ ಸೋಮವಾರ ಮುಚ್ಚಿರುತ್ತದೆ. ಒಳಗೆ ಎರಡು ಗಂಟೆ ಮಾತ್ರ, ಚೀಲವೆಲ್ಲ ಕೆಳಗೆ ಒಪ್ಪಿಸಬೇಕು. ರೋಮ್‌ನಲ್ಲಿ ಒಂದೇ ಒಂದು ಮ್ಯೂಸಿಯಂ ನೋಡಲು ಸಮಯವಿದ್ದರೆ ಇದನ್ನೇ ನೋಡಿ. ದೇವರು ಅಪೊಲೊ ಅಟ್ಟಿಸಿಕೊಂಡು ಬರುವಾಗ ಡಾಫ್ನೆ ಎಂಬ ಹುಡುಗಿ ಮರವಾಗುವ ಗ್ರೀಕ್ ಕಥೆಯನ್ನು ಶಿಲ್ಪಿ ಬೆರ್ನೀನಿ ಕೆತ್ತಿದ ಅಪೊಲೊ-ಡಾಫ್ನೆ ಶಿಲ್ಪದ ಸುತ್ತ ಒಂದು ಪ್ರದಕ್ಷಿಣೆ ಹಾಕಿ: ಹಿಂದಿನಿಂದ ಓಟ ಕಾಣುತ್ತದೆ, ಮುಂದೆ ಬಂದರೆ ಹುಡುಗಿಯ ಬೆರಳ ತುದಿಗಳು ಎಲೆಯಾಗುತ್ತಿವೆ. ಅಮೃತಶಿಲೆಯ ಆ ಎಲೆಗಳು ಬೆಳಕು ಹಾಯುವಷ್ಟು ತೆಳು.

ಪ್ರಾಚೀನ ರೋಮನ್ ದೇವಾಲಯವಾಗಿದ್ದ ಪ್ಯಾಂಥಿಯನ್‌ಗೆ 2023ರಿಂದ 5 ಯೂರೊ ಟಿಕೆಟ್. ಮಳೆ ಬಂದ ದಿನ ಹೋದರೆ ಇನ್ನೂ ಒಳ್ಳೆಯದು. ಗುಮ್ಮಟದ ನಡುವಿನ ತೆರೆದ ಕಂಡಿಯಿಂದ ಮಳೆ ನೇರ ಒಳಗೆ ಬಿದ್ದು, ನೆಲದ ಸಣ್ಣ ತೂತುಗಳಲ್ಲಿ ಇಳಿದುಹೋಗುತ್ತದೆ. ಅಲ್ಲಿಂದ ಕೆಲವೇ ನಿಮಿಷದ ದಾರಿಯ ಸಾನ್ ಲುಯಿಜಿ ದೇಯಿ ಫ್ರಾಂಚೇಸಿ ಚರ್ಚಿನಲ್ಲಿ ಚಿತ್ರಕಾರ ಕ್ಯಾರವಾಜೊನ ಮೂರು ದೊಡ್ಡ ಚಿತ್ರಗಳು ಉಚಿತ. ಚರ್ಚುಗಳು ಮಧ್ಯಾಹ್ನ ಮುಚ್ಚುತ್ತವೆ. ಚಿತ್ರದ ದೀಪ ಹೊತ್ತಿಸುವ ಪೆಟ್ಟಿಗೆಗೆ ನಾಣ್ಯ ಬೇಕಾಗುತ್ತದೆ, ಚಿಲ್ಲರೆ ಇಟ್ಟುಕೊಂಡಿರಿ. ತ್ರೆವಿ ಕಾರಂಜಿಗೆ ಬೆಳಗ್ಗೆ ಏಳಕ್ಕೆ ಮೊದಲು ಹೋಗಿ. ಸ್ಪ್ಯಾನಿಷ್ ಮೆಟ್ಟಿಲ ಮೇಲೆ ಕೂರಬೇಡಿ, 2019ರಿಂದ ಅದಕ್ಕೆ ದಂಡವಿದೆ.

ಇನ್ನು ಊಟ. ಮಧ್ಯಾಹ್ನ ಹನ್ನೆರಡೂವರೆಯಿಂದ ಸುಮಾರು ಮೂರು, ರಾತ್ರಿ ಏಳೂವರೆಯ ನಂತರ: ಒಳ್ಳೆಯ ಊಟದ ಮನೆಗಳ ಒಲೆ ಉರಿಯುವುದು ಈ ಹೊತ್ತಿನಲ್ಲಿ ಮಾತ್ರ. ನಾಲ್ಕು ಗಂಟೆಗೆ ಫೋಟೊ ಮೆನು ಹಿಡಿದು ಬಾಗಿಲಲ್ಲಿ ಕರೆಯುವವರು ಪ್ರವಾಸಿಗರಿಗೆಂದೇ ಇರುವವರು, ದಾಟಿಕೊಂಡು ಹೋಗಿ. ಆ ಹೊತ್ತಿನ ಹಸಿವಿಗೆ ತುಂಡು ಪಿಜ್ಜಾ ಅಂಗಡಿ ಇದೆ. ಉದ್ದ ತಟ್ಟೆಯ ಮೇಲೆ ಅಂಗಡಿಯವರು ಚಾಕು ಇಟ್ಟು "ಇಷ್ಟಾ?" ಎಂಬಂತೆ ನೋಡುತ್ತಾರೆ, ಕೈಸನ್ನೆಯಲ್ಲಿ ಕಡಿಮೆ, ಜಾಸ್ತಿ ಎನ್ನಬಹುದು. ತೂಕ ಹಾಕಿ ಕೊಡುತ್ತಾರೆ. ಫಲಕದ ಬೆಲೆ ಒಂದು ತುಂಡಿಗಲ್ಲ, ಕಿಲೊಗೆ ಅಥವಾ 100 ಗ್ರಾಮಿನ 'ಎತ್ತೊ'ಗೆ. ಇದೇ ಎತ್ತೊ ಲೆಕ್ಕ ಹೋಟೆಲಿನ ಮೀನಿಗೂ ಇರುತ್ತದೆ. 8 ಯೂರೊ ಎಂದು ಕಂಡ ಮೀನು ಬಿಲ್ಲಿನಲ್ಲಿ 50 ಆಗುವುದು ಹೀಗೆಯೇ.

ಸಸ್ಯಾಹಾರಿಗಳು ಇಲ್ಲಿ ಹಸಿದಿರಬೇಕಿಲ್ಲ, ಆದರೆ ಎಚ್ಚರ ಬೇಕು. ರೋಮ್‌ನ ಹೆಸರಾಂತ ನಾಲ್ಕು ಪಾಸ್ತಾಗಳಲ್ಲಿ ಕಾರ್ಬೊನಾರಾ, ಅಮಾತ್ರಿಚಾನಾ, ಗ್ರೀಚಾ ಮೂರಕ್ಕೂ ಹಂದಿ ಕೆನ್ನೆಯ ಮಾಂಸ ಬೀಳುತ್ತದೆ. ಮಾಂಸವಿಲ್ಲದ್ದು ಕಾಚೊ ಎ ಪೆಪೆ ಒಂದೇ: ಪೆಕೊರಿನೊ ಚೀಸ್, ಕರಿಮೆಣಸು, ಪಾಸ್ತಾ ಬೆಂದ ನೀರು, ಅಷ್ಟೇ. ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ಆದರೆ ಪೆಕೊರಿನೊ ರೊಮಾನೊ ಹೆಪ್ಪುಗಟ್ಟುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅದು ಆಗದವರು ಪೆನ್ನೆ ಅರ್ರಾಬ್ಬಿಯಾತಾವನ್ನು ಚೀಸ್ ಬೇಡವೆಂದು ಹೇಳಿ ತರಿಸಿಕೊಳ್ಳಿ. ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನ ಖಾರ ನಮ್ಮ ನಾಲಿಗೆಗೆ ಚೆನ್ನಾಗಿ ಹೊಂದುತ್ತದೆ. ಪಿಜ್ಜಾದಲ್ಲಿ ಮರಿನಾರಾ ಎಂದರೆ ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ. ಚೀಸೂ ಇಲ್ಲ, ಮೀನೂ ಇಲ್ಲ. ಮೋಸ ಹೋಗುವುದು ತರಕಾರಿಯಂತೆ ಕಾಣುವವುಗಳಲ್ಲಿ: ಕುಂಬಳದ ಜಾತಿಯ ಹೂವಿನ ಬಜ್ಜಿಯೊಳಗೆ ಮೊಜರೆಲ್ಲಾ ಜೊತೆ ಆಂಚೊವಿ ಮೀನು, ಪುಂತಾರೆಲ್ಲೆ ಸೊಪ್ಪಿನ ಸಲಾಡ್‌ನಲ್ಲೂ ಅದೇ ಮೀನು, ಸುಪ್ಲಿ ಎಂಬ ಅನ್ನದ ಉಂಡೆಯೊಳಗೆ ಹಲವು ಕಡೆ ಕೊಚ್ಚಿದ ಮಾಂಸ. "ಸೆಂಜಾ ಕಾರ್ನೆ, ಸೆಂಜಾ ಪೇಶೆ" ಎಂದು ಮಾಂಸ, ಮೀನು ಎರಡನ್ನೂ ಬೇರೆ ಬೇರೆಯಾಗಿ ಬೇಡವೆನ್ನಿ. ಮಾಂಸ ಮಾತ್ರ ಬೇಡವೆಂದರೆ ಮೀನು ಬರಬಹುದು.

ಹಳೆಯ ಯಹೂದಿ ಕೇರಿಯ ಕಾರ್ಚೊಫಿ ಅಲ್ಲಾ ಜುದಿಯಾ ತಪ್ಪಿಸಬೇಡಿ. ಇಡೀ ಆರ್ಟಿಚೋಕ್ ಮೊಗ್ಗನ್ನು ಎಣ್ಣೆಯಲ್ಲಿ ಎರಡು ಸಲ ಕರಿಯುತ್ತಾರೆ. ಹೊರ ಎಸಳು ಹಪ್ಪಳದಂತೆ ಗರಿಗರಿ, ನಡುವಿನ ತಿರುಳು ಮೆತ್ತಗೆ. ಕೈಯಲ್ಲೇ ಕಿತ್ತು ತಿನ್ನುವುದು. ಫೆಬ್ರವರಿಯಿಂದ ಏಪ್ರಿಲ್ ಅದರ ನಿಜವಾದ ಋತು. ಯಹೂದಿ ಆಹಾರ ನಿಯಮ ಪಾಲಿಸುವ ಅಲ್ಲಿನ ಕೋಷರ್ ಊಟದ ಮನೆಗಳಲ್ಲಿ ಹಾಲಿನ ಅಡುಗೆಯವು, ಮಾಂಸದವು ಬೇರೆ ಬೇರೆ. ಹಾಲಿನ ಅಡುಗೆಯ ಕಡೆ ಪಾತ್ರೆಗೂ ಮಾಂಸ ತಾಕುವುದಿಲ್ಲ, ಮೀನು ಮಾತ್ರ ಇರುತ್ತದೆ. ಮಡಿ ನೋಡುವವರಿಗೆ ರೋಮ್‌ನಲ್ಲಿ ಇದಕ್ಕಿಂತ ನೆಮ್ಮದಿಯ ಜಾಗ ಸಿಗುವುದು ಕಷ್ಟ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಮುಚ್ಚಿರುತ್ತವೆ.

ಇಬ್ಬರಿಗೆ ಒಂದು ಸ್ಟಾರ್ಟರ್ ಹಂಚಿಕೊಂಡು, ತಲಾ ಒಂದು ಪಾಸ್ತಾ, ಜೊತೆಗೆ ಬೆಳ್ಳುಳ್ಳಿ ಹಾಕಿ ಬಾಡಿಸಿದ ಚಿಕೊರಿಯಾ ಸೊಪ್ಪು ಒಂದು ತಟ್ಟೆ ಸಾಕು. ಅರ್ಧ ಲೀಟರ್ ಹೌಸ್ ವೈನ್ ಸೇರಿ ತ್ರತ್ತೋರಿಯಾ ಎನ್ನುವ ಸಾಮಾನ್ಯ ಊಟದ ಮನೆಯಲ್ಲಿ 45ರಿಂದ 60 ಯೂರೊ ಆಗುತ್ತದೆ. ಬ್ರೆಡ್ಡಿಗೆಂದು ತಲಾ ಒಂದೆರಡು ಯೂರೊ ಬಿಲ್ಲಿಗೆ ಸೇರುತ್ತದೆ, ಬೇಡವಾದರೆ ಇಟ್ಟ ಕೂಡಲೇ ಹಿಂದಿರುಗಿಸಿ. ಟಿಪ್ಸ್ ಕಡ್ಡಾಯವಲ್ಲ. ಬಿಲ್ಲನ್ನು ಕೇಳುವ ತನಕ ತರುವುದಿಲ್ಲ, ಅದು ನಿರ್ಲಕ್ಷ್ಯವಲ್ಲ, ನಿಮ್ಮನ್ನು ಎಬ್ಬಿಸಬಾರದೆಂಬ ಮರ್ಯಾದೆ. ಕಾಫಿಯನ್ನು ನಿಂತು ಕುಡಿದರೆ ಒಂದೂವರೆ ಯೂರೊ ಒಳಗೆ, ಕೂತರೆ ಎರಡು ಮೂರು ಪಟ್ಟು. ಕುಡಿಯುವ ನೀರು ಕೊಳ್ಳಬೇಡಿ: ಬೀದಿ ಬೀದಿಯಲ್ಲಿ ಎರಕದ ಕಬ್ಬಿಣದ ನಲ್ಲಿಗಳು ದಿನವಿಡೀ ಹರಿಯುತ್ತಿರುತ್ತವೆ. ಬಾಗಿದ ಕೊಳವೆಯ ತುದಿಯನ್ನು ಬೆರಳಿನಿಂದ ಒತ್ತಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು.

ಕಾರ್ಡ್ ಯಂತ್ರ ರೂಪಾಯಿಯೋ ಯೂರೊವೋ ಎಂದು ಕೇಳಿದರೆ ಯಾವಾಗಲೂ ಯೂರೊ ಒತ್ತಿ. ರೂಪಾಯಿ ಒತ್ತಿದರೆ ಅವರ ದರದಲ್ಲಿ ನಿಮ್ಮ ಹಣ ಕರಗುತ್ತದೆ. ಜೇಬುಗಳ್ಳರು ಟೆರ್ಮಿನಿ ಮೆಟ್ರೊ ಬಾಗಿಲಲ್ಲಿ, ವ್ಯಾಟಿಕನ್ ಕಡೆ ಹೋಗುವ 64ನೇ ಬಸ್ಸಿನಲ್ಲಿ ಹೆಚ್ಚು. ಬಾಗಿಲು ಮುಚ್ಚುವ ಕ್ಷಣದಲ್ಲಿ ನೂಕುನುಗ್ಗಲು ಎಬ್ಬಿಸುತ್ತಾರೆ, ಆಗ ಚೀಲ ಎದೆಯ ಮೇಲಿರಲಿ. ಪಾಸ್‌ಪೋರ್ಟ್, ಕಾರ್ಡ್ ಎರಡನ್ನೂ ಒಬ್ಬರ ಹತ್ತಿರವೇ ಇಡಬೇಡಿ. ಗುಲಾಬಿ ಹೂವು, ಕೈದಾರ "ಉಡುಗೊರೆ" ಎಂದು ಕೊಡಲು ಬಂದರೆ ಕೈ ಚಾಚಬೇಡಿ.

ಒಂದೇ ಅಂಗಡಿಯಲ್ಲಿ 70 ಯೂರೊ ಮೀರಿ ಕೊಂಡರೆ ಪಾಸ್‌ಪೋರ್ಟ್ ತೋರಿಸಿ, ತೆರಿಗೆ ವಾಪಸ್ ಪಡೆಯುವ ಟ್ಯಾಕ್ಸ್ ಫ್ರೀ ಚೀಟಿ ಕೇಳಿ. ವಿಮಾನ ನಿಲ್ದಾಣದಲ್ಲಿ ಲಗೇಜ್ ಒಪ್ಪಿಸುವ ಮೊದಲೇ ಅದಕ್ಕೆ ಕಸ್ಟಮ್ಸ್ ಒಪ್ಪಿಗೆ ಆಗಬೇಕು, ಸಾಮಾನು ತೋರಿಸಿ ಎನ್ನಬಹುದು. ಪ್ಯಾರಿಸ್ ಅಥವಾ ಫ್ರಾಂಕ್‌ಫರ್ಟ್ ಮೂಲಕ ಬೆಂಗಳೂರಿಗೆ ಬರುವವರು ಆ ಸಾಮಾನನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದರೆ ಯುರೋಪ್ ಬಿಡುವ ಕೊನೆಯ ನಿಲ್ದಾಣದಲ್ಲಿ ಈ ಕೆಲಸ ಮಾಡಬೇಕಾಗುತ್ತದೆ.