“ಅಟ್ಯಾಚ್ ಆಗದೆ ಡೇಟಿಂಗ್ ಮಾಡೋದು ಹೇಗೆ?” ಎಂದು ಕೇಳುವವರಿಗೆ

ಆಗುವುದಿಲ್ಲ. ಇಷ್ಟವಾದವರನ್ನು ಮತ್ತೆ ಮತ್ತೆ ಭೇಟಿಯಾಗಿ, ರಾತ್ರಿ ಹೊತ್ತೇರುವವರೆಗೆ ಮಾತಾಡಿ, ಮನಸ್ಸು ಮಾತ್ರ ಕದಲಬಾರದು ಎಂದರೆ ಅದು ಕೇಳುವುದಿಲ್ಲ. ನನಗೆ ಸಿಟ್ಟು ಬರುವುದು ಆ “ಆಗದೆ” ಎಂಬ ಪದದ ಮೇಲೆ. ನೆಗಡಿ ತಗಲದಂತೆ ನೋಡಿಕೊಳ್ಳುವುದು ಹೇಗೆ ಎಂಬ ಧಾಟಿ ಅದರಲ್ಲಿದೆ. ಒಬ್ಬರನ್ನು ಹಚ್ಚಿಕೊಳ್ಳುವುದು ಕಾಯಿಲೆಯಲ್ಲ.

ಅದುಮಿಟ್ಟರೆ ಏನಾಗುತ್ತದೆ ಎಂಬುದೂ ಗೊತ್ತಿರುವ ಸಂಗತಿಯೇ. ಮನಃಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಒತ್ತಿ ಎಂದು ಹೇಳಲಾಗಿತ್ತು. ಜನ ಗಂಟೆ ಒತ್ತುತ್ತಲೇ ಇದ್ದರು. ಆಮೇಲೆ “ಈಗ ನೆನೆಯಿರಿ” ಎಂದಾಗ, ಮೊದಲಿನಿಂದಲೇ ನೆನೆಯಲು ಬಿಟ್ಟವರಿಗಿಂತ ಇವರಿಗೇ ಹೆಚ್ಚು ಸಲ ಕರಡಿ ನೆನಪಾಯಿತು. ಕರಡಿಯ ಪಾಡೇ ಹೀಗಾದರೆ, ಇಷ್ಟವಾದ ಮುಖದ್ದು?

“ನನಗೇನೂ ಅನಿಸೋದೇ ಇಲ್ಲ” ಎನ್ನುವವರೂ ಇದ್ದಾರೆ. ಮನಃಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ರೂಪಿಸಿದ ಪರೀಕ್ಷೆಯಲ್ಲಿ, ಹೊರಗೆ ಹೋದ ತಾಯಿ ಮರಳಿ ಬಂದರೂ ಕೆಲವು ಪುಟ್ಟ ಮಕ್ಕಳು ಅತ್ತ ತಿರುಗದೆ ಆಟಿಕೆ ಹಿಡಿದು ಕೂತಿರುತ್ತವೆ. ಅಂಥ ಮಕ್ಕಳ ಎದೆಬಡಿತವನ್ನು ಮುಂದೆ ಬೇರೆ ಸಂಶೋಧಕರು ಅಳೆದರು. ಅದು ಏರಿತ್ತು. ಮಕ್ಕಳು ಹೀಗೆ ಹಚ್ಚಿಕೊಳ್ಳುವ ಬಗೆಗಳನ್ನು ದೊಡ್ಡವರ ಪ್ರೇಮಕ್ಕೂ ಹೊಂದಿಸಿ ನೋಡಿದ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ ಅವರ 1987ರ ಅಧ್ಯಯನದಲ್ಲಿ, ಉತ್ತರಿಸಿದವರ ಪೈಕಿ ಸುಮಾರು ಕಾಲುಭಾಗ ಜನ ಯಾರಾದರೂ ತೀರಾ ಹತ್ತಿರವಾದರೆ ಕಸಿವಿಸಿಯಾಗುತ್ತದೆ ಎಂಬ ವಿವರಣೆಯನ್ನೇ ಆರಿಸಿಕೊಂಡಿದ್ದರು.

ಅದಕ್ಕೇ, ಅಟ್ಯಾಚ್ ಆಗದಿರುವುದು ಹೇಗೆ ಎನ್ನುವ ಬದಲು, “ಹತ್ತಿರವಾಗುವ ಹೆದರಿಕೆ ಎದ್ದ ದಿನ ಏನು ಮಾಡಲಿ?” ಎಂದು ಕೇಳಿ. ಅದಕ್ಕೆ ಎಷ್ಟು ಹೊತ್ತು ಬೇಕಾದರೂ ಉತ್ತರಿಸುತ್ತೇನೆ.

ಈ ಹೆದರಿಕೆ ಹೆದರಿಕೆಯ ವೇಷದಲ್ಲಿ ಬರುವುದು ಕಡಿಮೆ, ತಪ್ಪು ಹುಡುಕುವ ಬುದ್ಧಿಯಾಗಿ ಬರುತ್ತದೆ. ನಿನ್ನೆ ಸಂಜೆ ಚೆನ್ನಾಗಿ ಕಳೆದಿರುತ್ತದೆ, ಇವತ್ತು ಅವರ ನಗು ಕರ್ಕಶ, ಅವರ ಮೆಸೇಜು ಕಿರಿಕಿರಿ. ಆ ತಪ್ಪು ಕಂಡದ್ದು ಯಾವತ್ತಿನಿಂದ ಎಂದು ನೋಡಿ. ಹತ್ತಿರವಾದ ಮರುದಿನದಿಂದಲೇ ಎಂದಾದರೆ ಅವತ್ತು ಸಂಬಂಧ ಮುರಿಯಬೇಡಿ. ಎರಡು ರಾತ್ರಿ ನಿದ್ದೆಯಾಗಲಿ.

ಸುಮ್ಮನೆ ಮಾಯವಾಗಲೂಬೇಡಿ. “ನೀನಂದ್ರೆ ಇಷ್ಟ, ಅದಕ್ಕೇ ಭಯ ಆಗ್ತಿದೆ. ಎರಡು ದಿನ ನನ್ನ ಪಾಡಿಗೆ ಇರ್ತೀನಿ, ಭಾನುವಾರ ಫೋನ್ ಮಾಡ್ತೀನಿ.” ಈ ಮಾತಿನಲ್ಲಿ ಮುಖ್ಯವಾದದ್ದು ಭಾನುವಾರ. ದಿನ ಹೇಳದಿದ್ದರೆ ಕೈಬಿಟ್ಟರು ಎಂದೇ ಎದುರಿನವರಿಗೆ ಅನಿಸುತ್ತದೆ. ಅವರು ಹತ್ತು ಸಲ ಫೋನ್ ಮಾಡುತ್ತಾರೆ, ನಿಮಗೆ ಉಸಿರು ಕಟ್ಟುತ್ತದೆ, ನೀವು ಇನ್ನಷ್ಟು ದೂರ ಸರಿಯುತ್ತೀರಿ. ಎಷ್ಟೋ ಜೋಡಿಗಳು ಬೇರೆಯಾಗುವುದು ಈ ಓಟದಲ್ಲೇ.

ಇದೆಲ್ಲ ಒಳ್ಳೆಯ ಒಡನಾಟಕ್ಕೆ ಮಾತ್ರ. ಅವರು ಕೂಗಾಡುತ್ತಿದ್ದರೆ, ನಿಮ್ಮ ಫೋನ್ ತಡಕುತ್ತಿದ್ದರೆ, ಗೆಳೆಯರಿಂದ ದೂರ ಮಾಡುತ್ತಿದ್ದರೆ ನಿಮ್ಮ ಹೆದರಿಕೆ ಸರಿಯಾಗಿಯೇ ಇದೆ. ಅದನ್ನು ಸಮಾಧಾನಪಡಿಸಬೇಡಿ, ಅಲ್ಲಿಂದ ಹೊರಡಿ.

ಭಾನುವಾರ ಬಂದರೂ ಭಯ ಇಳಿಯದಿದ್ದರೆ? ಫೋನ್ ಮಾಡಿ, “ಇನ್ನೂ ಇಳಿದಿಲ್ಲ” ಎಂದೇ ಹೇಳಿ.